ಬಕೆಟ್ಟಿನಲ್ಲಿ ಕೂತ ಸಸಿ

ಮನೆಯಿಂದ,
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಅದನ್ನು ಇನ್ನಷ್ಟು ಕೆಡಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನ ಗಂಡನ ಜೊತೆ ಒಂದೇ ಸೂರಿನಡಿ ಇಪ್ಪತ್ತು ದಿನ ಕಳೆದವಳು ಹೇಗೆ ತಾನೇ ಚೆನ್ನಾಗಿರುತ್ತಾಳೆ ಹೇಳು. ಗೋಡೆ ಬಿರುಕು ಬಿಡುತ್ತದೆ ಎಂಬ ನೆಪ ಹೇಳಿ, ಹಿತ್ತಲಲ್ಲಿ ನೀನು ನೆಟ್ಟ ಮರವನ್ನು ನಿನ್ನನ್ನೊಂದು ಮಾತೂ ಕೇಳದೆ ಕಡಿದವನು ಅಪ್ಪ. ಸಿಟ್ಟಾಗಿ ಹೊರಟುಹೋದವಳು ನೀನು. ಮಧ್ಯದಲ್ಲಿ ತಲೆ ಚಚ್ಚಿಕೊಳ್ಳುತ್ತಿರುವವಳು ಮಾತ್ರ ನಾನು.

ಮನಸ್ಸು ಸ್ವಲ್ಪ ತಿಳಿಯಾಗಲಿ ಎಂದು ಗುರುವಾರ ಅಪ್ಪನನ್ನು ಬೆಟ್ಟದ ಮೇಲಿನ ಬುದ್ಧನ ಹಳೆಯ ಗುಡಿಗೆ ಕರೆದುಕೊಂಡು ಹೋದೆ. ಬುದ್ಧಿ ಇದ್ದವರು ಸಾಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವನನ್ನು ಸಾವಿರ ವರ್ಷದ ಮರಗಳ ಹತ್ತಿರ ಬಿಡುತ್ತಾರೆಯೇ? ಒಳಗೆ ಬುದ್ಧ ಅಷ್ಟು ತಣ್ಣಗೆ ಕೂತಿದ್ದರೂ ಅಪ್ಪ ಅತ್ತ ತಿರುಗಿ ನೋಡಲಿಲ್ಲ. ನೆಟ್ಟಗೆ ಅಂಗಳದ ಹಿರಿಯ ಮರದ ಬಳಿ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದ, ಆಮೇಲೆ ತೋಳು ಚಾಚಿ, ತೊಗಟೆಗೆ ಕೆನ್ನೆ ಒತ್ತಿ ಸುತ್ತಳತೆ ತೆಗೆಯುತ್ತಾ ನಿಂತ. ಅದೇನೋ ಪುಣ್ಯದ ಕೆಲಸವೆಂದು ತಿಳಿದು ಹಿಂದೆ ಬಂದ ದಂಪತಿಯೂ ಮರ ತಬ್ಬಿಕೊಂಡರು. ನೋಡನೋಡುತ್ತಿದ್ದಂತೆ ಸಾಲೇ ಬೆಳೆಯಿತು! ಅಪ್ಪ ಎಲ್ಲರಿಗೂ ಕೇಳುವ ಹಾಗೆ, "ಹದಿನಾರು ಬಾಗಿಲು ಬರುತ್ತೆ, ಚೌಕಟ್ಟು ಸಮೇತ" ಎಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅಲ್ಲಿನ ವಯಸ್ಸಾದ ಭಿಕ್ಷು ಬೈಯಲಿಲ್ಲ. ಬಾಗಿದ ಕೊಂಬೆಗಳಿಗೆ ಕೊಟ್ಟ ಆಸರೆಯ ಕಂಬಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಅವರು ನಿಲ್ಲಿಸಿದ್ದು, ಒಂದು ಅವರ ಗುರುಗಳು, ಇನ್ನೊಂದು ಗುರುಗಳ ಗುರುಗಳು. ಅಪ್ಪ ಸುಮ್ಮನಿರಬೇಕಲ್ಲ. "ಇಷ್ಟೆಲ್ಲ ಒದ್ದಾಟ ಯಾಕೆ? ಕಡಿದುಬಿಡೋದಲ್ವಾ?" ಎಂದು ಕೇಳಿಯೇಬಿಟ್ಟ. ಅವರು, "ನೆಟ್ಟವರನ್ನ ಒಂದು ಮಾತು ಕೇಳಬೇಕಲ್ಲ. ಏನು ಮಾಡೋದು, ಅವರು ಈಗಿಲ್ಲ" ಎಂದರು. ಅಪ್ಪ ಬಗ್ಗಿ, ಸಡಿಲವಾಗಿದ್ದ ಒಂದು ಕಂಬದ ಬುಡಕ್ಕೆ ಕಲ್ಲು ಒತ್ತಿ ಬಿಗಿಮಾಡಿದ. ನಮ್ಮಪ್ಪ, ಅಮ್ಮಾ! ಹೊರಡುವಾಗ ಆ ಮರದ ಬೀಜದಿಂದ ಎದ್ದ ಸಸಿಯೊಂದನ್ನು ಕೇಳಿ ಇಸಿದುಕೊಂಡ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಸಿಗೆ, ಮಡಿಲ ತುಂಬ ಮಣ್ಣು ನನಗೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಮಾತ್ರೆ ಮರೆಯಬೇಡ.

ನಿಮ್ಮಿಬ್ಬರ ನಡುವೆ ಸಿಕ್ಕಿಹಾಕಿಕೊಂಡಿರುವ,
ನಿನ್ನ ಮಗಳು

ಮರೆತಿದ್ದೆ: ಸಸಿ ಮೂರು ದಿನದಿಂದ ಬಚ್ಚಲಮನೆಯ ಬಕೆಟ್ಟಿನಲ್ಲೇ ಕೂತಿದೆ. ಎಲ್ಲಾದರೂ ನೆಡು ಮಾರಾಯ ಎಂದರೆ ಅಪ್ಪ, "ಕೇಳೋಕೆ ನಿಮ್ಮಮ್ಮ ಇದ್ದಾಳಲ್ಲ, ಬಂದು ಜಾಗ ತೋರಿಸ್ಲಿ" ಅನ್ನುತ್ತಾನೆ. ಆ ಬಾಯಿಂದ ಇದಕ್ಕಿಂತ ಹೆಚ್ಚು ಬರುವುದಿಲ್ಲ, ನಿನಗೇ ಗೊತ್ತು. ಇರುವುದು ಒಂದೇ ಬಕೆಟ್ಟು. ನನಗೆ ಸ್ನಾನ ಮಾಡಬೇಕು, ಬೇಗ ಬಾ.