ಉಪ್ಪಿನಕಾಯಿ ಜಾಡಿಯ ಹಿಂದಿನ ವೈನ್

ನಿಲಾಯ್, ಮಲೇಷ್ಯಾ
ನವೆಂಬರ್ 14, 2021

ಪ್ರಿಯ ವಾರಿಜಾ,

‘ಕಾದಿಟ್ಟದ್ದೆಲ್ಲ ಕತ್ತಲಲ್ಲಿ ಮಾಗುತ್ತದೆ.’ ಎಂ.ಎ. ಓದುವಾಗ ನೀನು ಬರೆದ ಪದ್ಯದ ಸಾಲು ಹೀಗೇ ಇತ್ತೇ? ಮುಂದಿನದು ಮರೆತಿದೆ. ಎಲ್ಲವೂ ಮಾಗುತ್ತದೆಯೇ, ವಾರಿಜಾ?

ನಿನ್ನ ಮೂರು ಪತ್ರಗಳಿಗೂ ಉತ್ತರಿಸಲಿಲ್ಲ, ಕ್ಷಮಿಸು. ಇವರು ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಯೂನಿವರ್ಸಿಟಿಯ ಇವರ ಕೋಣೆಯನ್ನು ಮೊನ್ನೆ ಖಾಲಿ ಮಾಡಿಕೊಟ್ಟೆ. ಅನನ್ಯ ದಿನವೂ ತಟ್ಟೆ ಮುಂದಿಟ್ಟು “ಅಮ್ಮಾ, ಪ್ಲೀಸ್ ಈಟ್” ಅನ್ನುತ್ತಾಳೆ. ಮಗಳೇ ತಾಯಿಯಾಗಿದ್ದಾಳೆ.

ಹೇಗಾಯಿತು ಎಂದು ನೀನು ಕೇಳಿದ್ದೆ. ಹತ್ತು ವರ್ಷದ ಹಿಂದೆ ಇವರು ಸಿಸಿಲಿ ದ್ವೀಪಕ್ಕೆ ಸಮ್ಮೇಳನಕ್ಕೆ ಹೋಗಿದ್ದಾಗ, ಮುನ್ನೂರು ವರ್ಷ ಹಳೆಯ ದ್ರಾಕ್ಷಿತೋಟವೊಂದರಿಂದ ಕೆಂಪು ವೈನ್ ತಂದಿದ್ದರು. ತಂಪಿನಲ್ಲಿ ಮಲಗಿಸಿಡಿ, ಹತ್ತು ವರ್ಷ ಮುಟ್ಟಬೇಡಿ ಎಂದಿದ್ದನಂತೆ ತೋಟದ ಮುದುಕ. ನಾನೋ, ದೇವರ ಕೋಣೆಯ ಕಣ್ಣಿಗೆ ಬೀಳದಂತೆ ಹಳೇ ಪಂಚೆಯಲ್ಲಿ ಸುತ್ತಿ, ಒಲೆಯ ಪಕ್ಕ ಉಪ್ಪಿನಕಾಯಿ ಜಾಡಿಯ ಹಿಂದೆ ನಿಲ್ಲಿಸಿಟ್ಟಿದ್ದೆ.

ಜುಲೈನಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ಲಾಕ್‌ಡೌನ್, ಹೋಗಲು ಜಾಗವಿಲ್ಲ. ಬಾಟಲಿ ತೆಗೆದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತೆ. ಅವರು ಮೂಸಿದರು, ಗುಟುಕರಿಸಿದರು.

“ವಾಸನೆಯೇ ಇಲ್ಲ. ಒಲೆ ಪಕ್ಕ ಇಟ್ಟು ಕೊಂದುಬಿಟ್ಟೆ ಕಣೇ.”

ಊಟಕ್ಕೆ ಕೂತಾಗ, “ಸಾರೂ ಸಪ್ಪೆ.”

“ನಾನು ಮಾಡಿದ್ದೆಲ್ಲ ಸಪ್ಪೆಯೇ ನಿಮಗೆ!”

ಅಷ್ಟೇ. ಮಾತು ಬಿಟ್ಟೆ. ಬಾಟಲಿಯನ್ನು ಅಡುಗೆಗಾದರೂ ಆಗಲಿ ಎಂದು ಪಕ್ಕದ ಮನೆಯ, ಇಲ್ಲಿಯವರಂತೆ ಮಾತಿಗೊಮ್ಮೆ ‘ಲಾ’ ಎನ್ನುವ ತಮಿಳು ಹೆಂಗಸು ಲಕ್ಷ್ಮಿಗೆ ಕೊಟ್ಟೆ. ನಾಲ್ಕನೆಯ ದಿನ ಇವರಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಹತ್ತುವಾಗ ತಿರುಗಿ ನೋಡಿದರು. ಆಮೇಲೆ ನಾನು ಅವರ ಮುಖ ನೋಡಲಿಲ್ಲ.

ವಾಸನೆ ಹೋಗುವುದೇ ಕೊರೋನಾದ ಮೊದಲ ಸೂಚನೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ವೈನ್ ಕೆಟ್ಟಿದೆಯೆಂದೇ ಇಬ್ಬರೂ ನಂಬಿದೆವು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಮೇಲೆ ಮುನಿಸಿಕೊಂಡು ಮಲಗಬೇಡ.

ನಿನ್ನ
ವಸುಧಾ

ಮರೆತದ್ದು: ಇಬ್ಬರೂ ನಂಬಿದೆವು ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಬಾಟಲಿ ಕೊಟ್ಟ ಮರುದಿನ ಸಂಜೆಯೇ ಲಕ್ಷ್ಮಿ ಬಾಗಿಲಿಗೆ ಬಂದಿದ್ದಳು. ಅವಳ ಮಾತನ್ನು ಇವರಿಗೆ ಹೇಳಬೇಕಾದರೆ ನಾನೇ ಮೊದಲು ಮಾತಾಡಬೇಕಿತ್ತು, ಆಡಲಿಲ್ಲ. ಮಾಸ್ಕ್ ಸರಿಮಾಡಿಕೊಳ್ಳುತ್ತ ಅವಳೆಂದಳು: “ಕೆಟ್ಟಿದೆ ಅಂತ ಯಾರು ಹೇಳಿದ್ದು ಅಕ್ಕಾ? ಮುಚ್ಚಳ ತೆಗೆದ್ರೆ ಮನೆಯೆಲ್ಲ ಘಮಘಮ ಲಾ! ನಿಮ್ಮ ಸಾರ್‌ಗೆ ಮೂಗು ಸರಿ ಇದೆಯಾ, ಕೇಳಿ.”