ಅಮ್ಮನ ಫೋಟೊಗೆ ಗಂಧದ ಹಾರ

ನೈರೋಬಿ
ಭಾನುವಾರ, ೧೫ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಮ್ಮಾ,

ನಮಸ್ಕಾರ. ಹೇಗಿದ್ದೀಯ? ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಂತುಬಿಡುತ್ತೀಯಂತೆ, ಶ್ರೀಪಾದಣ್ಣ ಹೇಳಿದ. ಮಾತ್ರೆ ತಪ್ಪಿಸಬೇಡ. ಹೃದಯದ ಆಪರೇಷನ್ ವಿಷಯ ಎತ್ತುವುದಿಲ್ಲ, ಹೆದರಬೇಡ. ‘ಫೋಟೊ ಆಗಿ ಗೋಡೆ ಮೇಲೆ ಕೂರೋ ವಯಸ್ಸು ಕಣೆ ನಂದು, ಇನ್ನೇನು ಕೊಯ್ಸಿಕೊಳ್ಳೋದು’ ಎಂದು ನೀನು ನಕ್ಕೆ, ನಾನೂ ನಕ್ಕು ‘ನಿನ್ನಿಷ್ಟ’ ಎಂದೆ. ಅಲ್ಲಿಗೆ ಮುಗಿಯಿತು. ಇಲ್ಲಿ ನಿನ್ನ ಅಳಿಯನಿಗೆ ಉತ್ತರಪತ್ರಿಕೆಗಳ ರಾಶಿ, ಮೊಮ್ಮಗಳು ನಿಖಿತಾಗೆ ಮೊಬೈಲು. ಫೋನಿನಲ್ಲಾದರೆ ನೀನು ನನ್ನ ಮಾತು ಮುಗಿಯಲು ಬಿಡುವವಳಲ್ಲ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಡೆಂಜಿಲ್ ಇವತ್ತು ಸಂಜೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಕೂತುಕೊಂಡು ಓದು.

ಹಳೆಯ ಇಂಗ್ಲಿಷ್ ಕಾದಂಬರಿಗಳನ್ನೇ ಹುಡುಕಿ ಹುಡುಕಿ ಸಿನಿಮಾ ಮಾಡುವ ಆ ಬ್ರಿಟಿಷ್ ನಿರ್ದೇಶಕ ಇದ್ದಾನಲ್ಲ, ನಿನ್ನ ಮೆಚ್ಚಿನವನು? ಕಾಲೇಜಿನಲ್ಲಿ ಜೀವಮಾನವಿಡೀ ಇಂಗ್ಲಿಷ್ ಪಾಠ ಮಾಡಿದ ನೀನು ಯಾವ ಸಿನಿಮಾ ನೋಡಿದರೂ ‘ಪುಸ್ತಕದಲ್ಲಿ ಹೀಗಿಲ್ಲ’ ಎಂದು ಗೊಣಗುತ್ತಿದ್ದೆ. ಅವನೊಬ್ಬನಿಗೆ ಮಾತ್ರ ಫುಲ್ ಮಾರ್ಕ್ಸ್. ‘ಅವನ ಸಿನಿಮಾದಲ್ಲಿ ಒಂದು ಅಂಗಿ ಗುಂಡೀನೂ ತಪ್ಪಿರಲ್ಲ ಕಣೆ’ ಎನ್ನುತ್ತಿದ್ದೆ. ಆ ಮಹಾಶಯ ಕಳೆದ ವರ್ಷ ಇಲ್ಲಿಗೇ ಬಂದಿದ್ದ. ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಡೆಯುವ ಯಾವುದೋ ಕಾದಂಬರಿ. ಇಲ್ಲಿನ ನ್ಗಾರಾ ಬಡಾವಣೆಯ ಹಳೆಯ ಮನೆಯೊಂದನ್ನು ಭಾರತೀಯ ಡಾಕ್ಟರ ಮನೆ ಮಾಡಿದರು. ಗೋಡೆಗೆ ಆ ಕಾಲದ ಫೋಟೊ ಬೇಕೆಂದು ನಮ್ಮ ಕನ್ನಡದವರನ್ನೆಲ್ಲ ಕೇಳಿದಾಗ, ನಾನೇ ಮುಂದೆ ಬಿದ್ದು ನಿನ್ನದನ್ನು ಕೊಟ್ಟೆ. ಎಂ.ಎ. ಮುಗಿಸಿದಾಗ ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಉದ್ದ ಜಡೆ ಮುಂದಕ್ಕೆ ಹಾಕಿಕೊಂಡು ಪುಸ್ತಕ ಹಿಡಿದು ನಿಂತಿದ್ದೀಯಲ್ಲ, ಅದು. ನಿನಗೆ ಖುಷಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ.

ನಿನ್ನೆ ಊರ ನಡುವಿನ ಥಿಯೇಟರಿನಲ್ಲಿ, ನೆರವಾದವರನ್ನೆಲ್ಲ ಕರೆದು ಸಿನಿಮಾ ತೋರಿಸಿದರು. ನೀನು ಕೊಟ್ಟ ಹಸಿರು ರೇಷ್ಮೆ ಸೀರೆ ಉಟ್ಟು, ನಿಖಿತಾಳನ್ನೂ ಕೂರಿಸಿಕೊಂಡು, ಮಟಾಟು ವ್ಯಾನುಗಳ ಸಂದಿಯಲ್ಲಿ ಕಾರು ನುಗ್ಗಿಸಿಕೊಂಡು, ಮೆರೆದುಕೊಂಡೇ ಹೋದೆ. ಇಂಗ್ಲಿಷ್ ನಾಯಕಿ ಡಾಕ್ಟರ ಮನೆಯಲ್ಲಿ ಟೀ ಕುಡಿಯುತ್ತಾ ಗೋಡೆಯತ್ತ ತಿರುಗಿದಳು. ಅಮ್ಮಾ, ಅಷ್ಟು ದೊಡ್ಡ ಪರದೆಯ ತುಂಬ ನೀನು. ನಿನ್ನ ಫೋಟೊಗೆ ಗಂಧದ ಹಾರ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ, ಮುಂದೆ ಉರಿಯುವ ದೀಪ! ಬಿಡ್ತು, ಬಿಡ್ತು! ಪಕ್ಕದಲ್ಲಿದ್ದ ಗೆಳತಿ ಸುಶೀಲಾ ಕತ್ತಲಲ್ಲೇ ನನ್ನ ಕೈ ಹಿಡಿದು, ‘ಅಯ್ಯೋ ಮೈತ್ರಿ, ಅಮ್ಮ ಯಾವಾಗ ಹೋದ್ರೇ? ಒಂದ್ ಮಾತೂ ಹೇಳ್ಲಿಲ್ವಲ್ಲ!’ ಎಂದು ಅಳುವುದಕ್ಕೇ ಶುರುಮಾಡಿದಳು. ‘ಬಟ್ ಮಮ್ಮಾ, ಅಜ್ಜಿ ಲುಕ್ಸ್ ಸೋ ಪ್ರೆಟಿ’ ಎಂದಳು ನಿನ್ನ ಮೊಮ್ಮಗಳು. ಇಲ್ಲಿ ಬೆಳೆದ ಕೂಸು, ಅದಕ್ಕೇನು ಗೊತ್ತು. ಇನ್ನೂ ಕೇಳು. ಕಥೆಯಲ್ಲಿ ಅದು ಲಂಡನ್ನಿನಲ್ಲಿ ಓದುತ್ತಿರುವ ಡಾಕ್ಟರ ತಂಗಿಯ ಫೋಟೊ. ಬದುಕಿರುವ ತಂಗಿ! ಮುಂದಿನ ದೃಶ್ಯದಲ್ಲೇ ಅವಳ ಟೆಲಿಗ್ರಾಂ ಬರುತ್ತದೆ.

ಮುಗಿದ ಮೇಲೆ ಆ ನಿರ್ದೇಶಕ ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಾ, ಎಲ್ಲ ಸರಿಯಾಗಿತ್ತೇ ಎಂದು ನನ್ನನ್ನೂ ಕೇಳಿದ. ನಾನು ಬಿಡುತ್ತೇನೆಯೇ? ನಮ್ಮಲ್ಲಿ ಹಾರ ಹಾಕುವುದು ಸತ್ತವರ ಫೋಟೊಗೆ, ನನ್ನ ತಾಯಿ ಮೈಸೂರಿನಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ ಎಂದು ಝಾಡಿಸಿದೆ. ಮೊದಲೇ ಬಿಳಿ ಮನುಷ್ಯ, ಇನ್ನೂ ಬಿಳಿಚಿಕೊಂಡ. ನಮ್ಮವರ ಮನೆಗಳ ಚಿತ್ರಗಳನ್ನು ರಾಶಿಗಟ್ಟಲೆ ತರಿಸಿ ನೋಡಿದ್ದನಂತೆ, ಗೋಡೆಯ ಫೋಟೊಗಳಿಗೆ ಹಾರವಿದ್ದದ್ದು ಕಂಡು ಅದು ಮನೆಯವರಿಗೆ ಮಾಡುವ ಗೌರವ ಎಂದುಕೊಂಡನಂತೆ. ದೀಪವನ್ನು ತಾನೇ ಕೈಯಾರೆ ಹಚ್ಚಿದ್ದನಂತೆ, ಪುಣ್ಯಾತ್ಮ. ಎಲ್ಲ ನೋಡಿದ್ದಾನೆ, ಒಬ್ಬರನ್ನೂ ಕೇಳಿಲ್ಲ. ಬಿಡುಗಡೆಗೆ ಮುಂಚೆ ಹಾರ, ದೀಪ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿಬಿಡುತ್ತೇನೆ ಎಂದು ಕೈಮುಗಿದ.

ಸತ್ತರೆಂಬ ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚಂತೆ, ಒಳ್ಳೆಯದೇ ಆಯಿತೆನ್ನು. ಬೆಳಗಿನಿಂದ ನನ್ನ ಫೋನು ಸುಮ್ಮನಾಗಿಲ್ಲ. ಯಾರಾದರೂ ಅಲ್ಲಿಗೂ ಮಾಡಿದರೆ ನೀನೇ ಎತ್ತಿ ಗಟ್ಟಿಯಾಗಿ ‘ಹಲೋ’ ಎನ್ನು, ಅವರೇ ಬೆಚ್ಚಿಬೀಳಲಿ. ಅಣ್ಣ ಅತ್ತಿಗೆಗೆ ನಮ್ಮೆಲ್ಲರ ನೆನಪು ಹೇಳು. ನಿನ್ನ ಕಾಲಿಗೆ ನನ್ನ ನಮಸ್ಕಾರ.

ನಿನ್ನ ಮಗಳು,
ಮೈತ್ರಿ

ತಾ.ಕ.: ಡೆಂಜಿಲ್ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ. ಅಮ್ಮಾ, ‘ನಿನ್ನಿಷ್ಟ’ ಎಂದಿದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಆಪರೇಷನ್‌ಗೆ ದಿನ ಗೊತ್ತುಮಾಡಲು ಅಣ್ಣನಿಗೆ ಹೇಳಿಯಾಗಿದೆ, ನಾನೂ ಬರುತ್ತಿದ್ದೇನೆ. ಆ ನಿರ್ದೇಶಕನೇನೋ ಹಾರ ಅಳಿಸುತ್ತಾನೆ, ನನ್ನ ಕಣ್ಣಿನಿಂದ ಅದು ಹೋಗುತ್ತಿಲ್ಲ. ಫೋಟೊ ಆಗೋ ವಯಸ್ಸು ಎಂದೆಯಲ್ಲ, ಆಗಿದ್ದನ್ನು ನೋಡಿಬಂದೆ. ಚೆನ್ನಾಗಿಲ್ಲಮ್ಮಾ. ನನ್ನ ಕೈಲಿ ಆಗುವುದಿಲ್ಲ.