ಇಲಿ ಕಡಿದ ವೈರು

ಮಾರ್ಚ್ 4, ಮಂಗಳವಾರ

ಮೂರನೆಯ ಫ್ಯೂಸೂ ಹೋಯಿತು. ಅದೇ ಗುಡ್ಡ, ಅದೇ ಎಡ ತಿರುವು. ಆಸ್ಪತ್ರೆಯವರು ಗುಡ್ಡ ಹತ್ತಲು ಕೊಟ್ಟ ಎಟಿವಿ ಗಾಡಿ ಒಮ್ಮೆಲೇ ಗಪ್‌ಚುಪ್ — ಇಂಜಿನ್ನೂ ಇಲ್ಲ, ಲೈಟೂ ಇಲ್ಲ. ನಾಲ್ಕು ದಪ್ಪ ಚಕ್ರ ಇದ್ದು ಏನು ಬಂತು. ಔಷಧಿ ಬ್ಯಾಗು ಹೆಗಲಿಗೇರಿಸಿ ನಡೆದೇ ಹೋದೆ. ಗುಡ್ಡದ ಮೇಲಿನ ಮನೆಯ ಟೀಚರಮ್ಮನ ಕಾಲಿನ ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವಷ್ಟರಲ್ಲಿ ಹನ್ನೆರಡು ಗಂಟೆ. ತಡವಾಯಿತೆಂದು ಬೈಯಲಿಲ್ಲ. ನಡೆದು ಬಂದೆ ಎಂದು ಗೊತ್ತಾದದ್ದೇ ನನ್ನ ಕಾಲಿಗೆ ಬಿಸಿನೀರು ಕಾಯಿಸಲು ಹೊರಟರು. ನರ್ಸು ಯಾರು, ರೋಗಿ ಯಾರು...

ಸಂಜೆ ಸೂಪರ್‌ವೈಸರ್ ಮೇಡಂ ಫೋನ್. ಶುಕ್ರವಾರ ಗಾಡಿ ಓಡದಿದ್ದರೆ ವಾಪಸ್ ತರಿಸಿಕೊಳ್ಳುತ್ತಾರಂತೆ. ಗುಡ್ಡದ ಐದು ಮನೆಗಳ ಭೇಟಿಯೂ ಬಂದ್. ರೋಗಿಗಳೇ ಆಸ್ಪತ್ರೆಗೆ ಇಳಿದು ಬರಬೇಕಂತೆ. ಟೀಚರಮ್ಮ ಅಂಗಳ ದಾಟಿ ವರ್ಷವಾಯಿತು. ಅದು ಮೇಡಮ್ಮಿಗೂ ಗೊತ್ತು.

ಮಾರ್ಚ್ 5, ಬುಧವಾರ

ಮೆಕ್ಯಾನಿಕ್ ಮಗಳ ಮನೆಗೆ ಹೋಗಿದ್ದಾನೆ. ಸೋಮವಾರ ಬರುತ್ತಾನಂತೆ. ಪಾರ್ಟ್ಸ್ ಅಂಗಡಿಯವನು ಧಾರಾಳವಾಗಿ ಸಲಹೆ ಕೊಟ್ಟ — ಹದಿನೈದು ಆಂಪ್ ತೆಗೆದು ಮೂವತ್ತು ಹಾಕಿ, ಈ ಜನ್ಮದಲ್ಲಿ ಹೋಗಲ್ಲ. ಹಸಿರು ಫ್ಯೂಸೊಂದನ್ನು ಕೊಂಡು ತಂದೆ. ಶೆಡ್ಡಿನಲ್ಲಿ ಸೀಟು ಎತ್ತುತ್ತಿದ್ದೆ, ಕಿಟಕಿಯಿಂದ ಮಾವ ಕರೆದು ಕೈಯಲ್ಲಿ ಏನು ಎಂದು ಕೇಳಿದರು.

ಮಾವ ನಲವತ್ತು ವರ್ಷ ಆಟೋ ಎಲೆಕ್ಟ್ರಿಷಿಯನ್. ಪಾರ್ಶ್ವವಾಯು ಬಡಿದು ಎರಡು ವರ್ಷ. ಬಲಗೈ ಮಾತು ಕೇಳುವುದಿಲ್ಲ, ಕಣ್ಣೂ ಮಂಜು. ಟ್ರಂಕಿನಲ್ಲಿ ಸಾಮಾನು ತುಕ್ಕು ಹಿಡಿಯುತ್ತಿದೆ, ಕಿಟಕಿ ಪಕ್ಕ ಅವರು. ಮೂವತ್ತು ಆಂಪ್ ಎಂದೆ. ಇಸಿದುಕೊಂಡು ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು. ಕೂಗಾಡಲಿಲ್ಲ.

"ಫ್ಯೂಸ್ ಸಾಯೋದೇ ವೈರು ಉಳೀಲಿ ಅಂತ ಕಣಮ್ಮ. ಇದು ಸಾಯಲ್ಲ. ವೈರು ಉರಿಯುತ್ತೆ. ಅದರ ಮೇಲೆ ಪೆಟ್ರೋಲ್ ಟ್ಯಾಂಕ್, ಅದರ ಹಿಂದೆ ನೀನು."

ಮೂರು ದಿನದಿಂದ ಆ ಹದಿನೈದರ ನೀಲಿ ಫ್ಯೂಸುಗಳಿಗೆ ಶಾಪ ಹಾಕಿದ್ದೆ. ಪಾಪ, ನನ್ನ ಬದಲು ಅವು ಸತ್ತಿದ್ದವು.

ನಾಳೆ ರಜ ಹಾಕು ಎಂದರು. ಅವರು ಹೇಳುತ್ತಾರಂತೆ, ನಾನು ಮಾಡಬೇಕಂತೆ.

ಮಾರ್ಚ್ 6, ಗುರುವಾರ, ಬೆಳಿಗ್ಗೆ 11

ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಕಾಫಿ ನೆಪದಲ್ಲಿ ಒಳಗೆ ಬಂದು ಬರೆಯುತ್ತಿದ್ದೇನೆ.

ಸತ್ತ ಫ್ಯೂಸನ್ನು ಎಸೆಯಬೇಡ ಎಂದರು. ಅದರ ಎರಡು ಕಾಲಿಗೆ ಎರಡು ವೈರು, ವೈರಿನ ತುದಿಗೆ ಟ್ರಂಕಿನಿಂದ ತೆಗೆದ ಹಳೇ ಇಂಡಿಕೇಟರ್ ಬಲ್ಬು. ಅದನ್ನೇ ಫ್ಯೂಸಿನ ಜಾಗದಲ್ಲಿ ಚುಚ್ಚುವುದು. ಇನ್ನು ಫ್ಯೂಸು ಸುಡುವ ಮಾತೇ ಇಲ್ಲ. ಬಲ್ಬು ಮಂಕಾಗಿದ್ದರೆ ಕ್ಷೇಮ, ಧಗ್ಗೆಂದರೆ ವೈರು ಎಲ್ಲೋ ಗಾಡಿಯ ಕಬ್ಬಿಣದ ಮೈಗೆ ತಾಗಿದೆ. ಕೀ ತಿರುಗಿಸಿದೆ. ಮಂಕು. ಸೀಟಿನ ಕೆಳಗಿನ ವೈರು ಅಲ್ಲಾಡಿಸಿದೆ. ಮಂಕು. ಹ್ಯಾಂಡಲ್ ಬಲಕ್ಕೆ — ಮಂಕು. ಎಡಕ್ಕೆ...

ಬೆಳಕು ಅವರ ಮಂಜುಗಣ್ಣಿಗೂ ಗೊತ್ತಾಯಿತು. "ಹಾಂ," ಎಂದರು. ಎರಡು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ.

ಅದೇ ದಿನ, ಮಧ್ಯಾಹ್ನ 3

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತೇನೋ.

ಹ್ಯಾಂಡಲ್ ಬುಡದಲ್ಲಿ ಬ್ಯಾಗು ನೇತುಹಾಕುವ ಕೊಕ್ಕೆ. ಕಳೆದ ತಿಂಗಳು ಮಾವನೇ ಕಟ್ಟಿದ್ದು — ತಿರುವಿನಲ್ಲಿ ಬ್ಯಾಗು ಜಾರುತ್ತದೆ ಎಂದು ನಾನು ಗೊಣಗಿದ್ದಕ್ಕೆ. ಎಡಗೈ ಒಂದರಲ್ಲೇ ಕಬ್ಬಿಣದ ತಂತಿ ತಿರುಚಿ, ಅರ್ಧ ಗಂಟೆ, ಯಾರನ್ನೂ ಹತ್ತಿರ ಬಿಡದೆ. ಅಂದು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಿದ್ದರು. ಆ ತಂತಿಯ ತುದಿಯೇ ವೈರಿನ ಕಟ್ಟನ್ನು ಉಜ್ಜಿ ಉಜ್ಜಿ ಒಳಗಿನ ತಾಮ್ರ ಕಾಣಿಸಿದೆ. ಎಡಕ್ಕೆ ತಿರುಗಿದಾಗಲೆಲ್ಲ ತಾಗುತ್ತದೆ.

ಏನು ಸಿಕ್ಕಿತು ಎಂದು ಕುರ್ಚಿಯಿಂದ ಕೇಳಿದರು.

"ಇಲಿ ಕಡಿದಿದೆ ಮಾವ."

ಕೊಕ್ಕೆ ಬಿಚ್ಚಿದೆ. ಅವರು ಹೇಳಿದಂತೆ ವೈರಿಗೆ ಟೇಪು ಸುತ್ತಿದೆ. ಹೊಸ ನೀಲಿ ಫ್ಯೂಸು. ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ. ಉಳಿಯಿತು.

ಮಾರ್ಚ್ 7, ಶುಕ್ರವಾರ

ಆ ತಿರುವಿನಲ್ಲಿ ಉಸಿರು ಬಿಗಿಹಿಡಿದೆ. ಗಾಡಿ ಏನೂ ಆಗದವರಂತೆ ಹತ್ತಿತು. ಐದೂ ಮನೆ ಮುಗಿಸಿ ಮೇಡಮ್ಮಿಗೆ ಫೋನ್ ಮಾಡಿದೆ. ಸರಿ, ಗಾಡಿ ಇಟ್ಟುಕೊಳ್ಳಿ ಎಂದರು. ಟೀಚರಮ್ಮನಿಗೆ ಎಲ್ಲ ಹೇಳಿದೆ, ಇಲಿಯದೊಂದು ಬಿಟ್ಟು. ಮಾವನಿಗೆ ಅವರ ನಮಸ್ಕಾರವಂತೆ. ಒಬ್ಬರ ಮುಖ ಒಬ್ಬರು ನೋಡಿಲ್ಲ.

ತಲುಪಿಸಿದೆ. ಮಾವ ಎಡಗೈಯೊಂದನ್ನೇ ಎತ್ತಿ ನಮಸ್ಕರಿಸಿದರು, ಗುಡ್ಡದ ಕಡೆಗೆ.

ಮಾರ್ಚ್ 12, ಬುಧವಾರ

ಮಾವ ಶೆಡ್ಡಿನಲ್ಲಿ ಬೋನು ಇಡಿಸಿದ್ದಾರೆ. ಒಳಗೆ ಬ್ರೆಡ್ ಚೂರು. ಬೆಳಗಾದರೆ "ಇಲಿ ಬಿತ್ತೇನಮ್ಮ?" ಬಿದ್ದಿಲ್ಲ ಮಾವ. ಬಹಳ ಜಾಣ ಇಲಿ ಎನ್ನುತ್ತಾರೆ. ನಮ್ಮವರು ಬೇರೆ ದೊಡ್ಡ ಬೋನು ತರಲೇ ಎಂದು ಕೇಳುತ್ತಾರೆ. ಗಂಡನಿಗೂ ನಿಜ ಹೇಳಿಲ್ಲ. ಅವರ ಹೊಟ್ಟೆಯಲ್ಲಿ ಯಾವ ಗುಟ್ಟೂ ಅರ್ಧ ದಿನ ನಿಲ್ಲುವುದಿಲ್ಲ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 10

ತಿಂಡಿಯ ನಂತರ ಮಾವ ಶೆಡ್ಡಿಗೆ ಕರೆದರು. ಟ್ರಂಕು ತೆರೆದಿತ್ತು. ಎಡ ಅಂಗೈ ಬಿಡಿಸಿ ತೋರಿಸಿದರು — ಆ ಕೊಕ್ಕೆಯ ತಂತಿ. ಅವತ್ತು ಬಿಚ್ಚಿದವಳು ಅಭ್ಯಾಸಬಲದಿಂದ ಅವರ ಟ್ರಂಕಿಗೇ ಹಾಕಿದ್ದೆ. ಬುದ್ಧಿವಂತೆ! ಹರಿತ ತುದಿಯಲ್ಲಿ ಇನ್ನೂ ಕೆಂಪು ಪ್ಲಾಸ್ಟಿಕ್ಕಿನ ಸಿಪ್ಪೆ. ಅದರ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತಿದ್ದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ನಿನ್ನ ಇಲೀಗೆ ಹೇಳಮ್ಮ," ಎಂದರು. "ಮುಂದಿನ ಸಲ ತಂತಿ ಬಿಗಿಯೋ ಮುಂಚೆ ಕೆಳಗೊಂದು ರಬ್ಬರ್ ಸುತ್ತು ಅಂತ."

ನಗು ಬಂತು. ಅಳುವೂ ಬಂತು. ಅವರು ಬೇರೆ ಕಡೆ ನೋಡುವಂತೆ ನಟಿಸಿದರು, ದೊಡ್ಡ ಮನಸ್ಸು. ಇಂಥ ಮನೆಗೆ ಸೊಸೆಯಾಗಿ ಬಂದೆನಲ್ಲ, ಅದಕ್ಕೆ ಯಾರಿಗೆ ಕೈಮುಗಿಯಲಿ.

ಹಳೇ ಟ್ಯೂಬಿನ ರಬ್ಬರ್ ತುಂಡು ಕತ್ತರಿಸುತ್ತಿದ್ದಾರೆ, ಎಡಗೈಯಲ್ಲೇ. ಕೊಕ್ಕೆ ಮತ್ತೆ ಕಟ್ಟುತ್ತಾರಂತೆ. ನಾನು ಬರೀ ಟಾರ್ಚ್ ಹಿಡಿಯಬೇಕಂತೆ, ಕೈ ಹಾಕಬಾರದಂತೆ. ಕೂಗುತ್ತಿದ್ದಾರೆ. ಬಂದೆ ಮಾವ, ಟಾರ್ಚ್ ಎಲ್ಲಿ—